ಪದವಿಯೊಳಗೆ ದುಡಿಮೆಯ ಪಾಠ: ಉನ್ನತ ಶಿಕ್ಷಣದಲ್ಲೊಂದು ಹೊಸ ಹೆಜ್ಜೆ

ಹನ್ನೆರಡನೆಯ ತರಗತಿಯ ಫಲಿತಾಂಶ ಪ್ರಕಟವಾಗುತ್ತಿದ್ದಂತೆಯೇ ನಮ್ಮ ಮನೆಗಳಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಯಾವ ಕಾಲೇಜು? ಯಾವ ವಿಭಾಗ? ಇವುಗಳ ಜೊತೆಗೆ ಮೂರನೆಯದೊಂದನ್ನು ಕೇಳುವ ಕಾಲ ಈಗ ಬಂದಿದೆ: ಆ ಪದವಿಯ ಅವಧಿಯಲ್ಲಿ ವಿದ್ಯಾರ್ಥಿಗಳು ನಿಜವಾದ ಕಾರ್ಯಕ್ಷೇತ್ರದಲ್ಲಿ ಎಷ್ಟು ಕಾಲ ಕಳೆಯುತ್ತಾರೆ ಮತ್ತು ಅಲ್ಲಿ ಕಲಿತದ್ದನ್ನು ಅಳೆಯುವವರು ಯಾರು?

ದುಡಿಯುತ್ತ ಓದುವುದು ಹೊರನಾಡ ಕನ್ನಡಿಗರಾದ ನಮಗೆ ಅಪರಿಚಿತವಲ್ಲ. ಹಗಲು ಹೋಟೆಲುಗಳಲ್ಲಿ, ಕಚೇರಿಗಳಲ್ಲಿ ದುಡಿದು, ಸಂಜೆ ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಬದುಕು ಕಟ್ಟಿಕೊಂಡ ಹಿರಿಯರು ನಮ್ಮ ನಡುವೆ ಇದ್ದಾರೆ. ಆದರೆ ಅವರ ಪಾಲಿಗೆ ದುಡಿಮೆಯೇ ಬೇರೆ, ಓದೇ ಬೇರೆಯಾಗಿತ್ತು. ಹಗಲಿನ ಅನುಭವಕ್ಕೆ ರಾತ್ರಿಯ ಶಾಲೆಯಲ್ಲಿ ಅಂಕ ದೊರೆಯುತ್ತಿರಲಿಲ್ಲ. ಇಂದಿನ ಪ್ರಯೋಗದ ಹೊಸತನ ಇರುವುದು ಇಲ್ಲಿಯೇ: ಕೆಲಸವೂ ಪಠ್ಯಕ್ರಮದ ಒಂದು ಅಂಗವಾಗುತ್ತಿದೆ.

ಈ ವಿಚಾರಕ್ಕೆ ಶತಮಾನದ ಇತಿಹಾಸವಿದೆ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಷ್ನೈಡರ್ ಅವರು 1906ರಲ್ಲಿ 27 ವಿದ್ಯಾರ್ಥಿಗಳೊಂದಿಗೆ, ತರಗತಿ ಮತ್ತು ಕಾರ್ಖಾನೆಗಳಲ್ಲಿ ಸರದಿಯಂತೆ ಕಲಿಯುವ ಪದ್ಧತಿಯನ್ನು ಆರಂಭಿಸಿದರು. ಜರ್ಮನಿಯ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ 1974ರಲ್ಲಿ ಮೊದಲಾದ ದ್ವಿಮುಖ ಶಿಕ್ಷಣದಲ್ಲಿ ವಿದ್ಯಾರ್ಥಿಗಳು ಸುಮಾರು ಮೂರು ತಿಂಗಳು ತರಗತಿಯಲ್ಲಿ, ಮೂರು ತಿಂಗಳು ಸಂಸ್ಥೆಯಲ್ಲಿ ಕಲಿಯುತ್ತಾರೆ. ಸಂಸ್ಥೆಯಿಂದ ಅವರಿಗೆ ವೇತನವೂ ದೊರೆಯುತ್ತದೆ. ನಮ್ಮ ದೇಶದಲ್ಲಿ ಪಿಲಾನಿಯ ಬಿಟ್ಸ್ ಸಂಸ್ಥೆ 1973ರಲ್ಲಿಯೇ 'ಪ್ರಾಕ್ಟೀಸ್ ಸ್ಕೂಲ್' ಪದ್ಧತಿಯನ್ನು ರೂಪಿಸಿತು. ಇದರ ಎರಡನೆಯ ಹಂತದಲ್ಲಿ ವಿದ್ಯಾರ್ಥಿಗಳು ಇಡೀ ಒಂದು ಸೆಮಿಸ್ಟರನ್ನು ಉದ್ಯಮದಲ್ಲಿ ಕಳೆಯುತ್ತಾರೆ; ಅವರ ಮೌಲ್ಯಮಾಪನದಲ್ಲಿ ಅಧ್ಯಾಪಕರೂ ಪಾಲ್ಗೊಳ್ಳುತ್ತಾರೆ. ಕರ್ನಾಟಕದಲ್ಲಿ, 1972ರಲ್ಲಿ ಡೆನ್ಮಾರ್ಕ್ ಸರಕಾರದ ನೆರವಿನಿಂದ ಬೆಂಗಳೂರಿನಲ್ಲಿ ಸ್ಥಾಪನೆಯಾದ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ಡಿಪ್ಲೊಮಾ ವಿದ್ಯಾರ್ಥಿಗಳನ್ನು ಯಂತ್ರದ ಮುಂದೆಯೇ ನಿಲ್ಲಿಸಿ ಕಲಿಸುವುದಕ್ಕೆ ಹೆಸರಾಗಿದೆ.

ಹಿಂದೆ ಇಂತಹ ಕೆಲವೇ ಸಂಸ್ಥೆಗಳಿಗೆ ಸೀಮಿತವಾಗಿದ್ದ ಈ ಪದ್ಧತಿಯನ್ನು ಸಾಮಾನ್ಯ ಬಿ.ಎ., ಬಿ.ಕಾಂ., ಬಿ.ಎಸ್‌ಸಿ. ಪದವಿಗಳಿಗೂ ತರುವ ಪ್ರಯತ್ನ 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಅನಂತರ ಚುರುಕಾಯಿತು. 2021ರಲ್ಲಿ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕ್ ಜಾರಿಗೆ ಬಂದಿತು. ವಿದ್ಯಾರ್ಥಿಗಳು ಗಳಿಸಿದ ಕ್ರೆಡಿಟ್‌ಗಳು ಹಣದಂತೆ ಅವರ ಖಾತೆಯಲ್ಲಿ ಜಮೆಯಾಗುತ್ತವೆ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ 30 ಗಂಟೆಗಳ ಕಲಿಕೆಗೆ ಒಂದು ಕ್ರೆಡಿಟ್. ಆ ಕಲಿಕೆ ತರಗತಿಯದ್ದಾಗಿರಬಹುದು, ಪ್ರಯೋಗಾಲಯದ್ದಾಗಿರಬಹುದು, ಕಾರ್ಯಕ್ಷೇತ್ರದ್ದೂ ಆಗಿರಬಹುದು. ವಿಶ್ವವಿದ್ಯಾಲಯ ಅನುದಾನ ಆಯೋಗವು 2025ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಮೂರು ವರ್ಷಗಳ ಪದವಿಯಲ್ಲಿ ಒಂದರಿಂದ ಮೂರು ಸೆಮಿಸ್ಟರ್‌ಗಳನ್ನು ಅಪ್ರೆಂಟಿಸ್‌ಶಿಪ್‌ಗೆ ಮೀಸಲಿಡಬಹುದು. ಉದ್ಯಮದಲ್ಲಿ ಕನಿಷ್ಠ 15 ವರ್ಷಗಳ ಅನುಭವವುಳ್ಳವರನ್ನು ಪ್ರಾಧ್ಯಾಪಕರನ್ನಾಗಿ ನೇಮಿಸಿಕೊಳ್ಳಲು ಆಯೋಗ 2022ರಲ್ಲಿಯೇ ದಾರಿ ಮಾಡಿಕೊಟ್ಟಿತ್ತು.

ಇಲ್ಲಿ ಪೋಷಕರು ಅರಿತಿರಬೇಕಾದ ಒಂದು ವ್ಯತ್ಯಾಸವಿದೆ. ಅಪ್ರೆಂಟಿಸ್‌ಶಿಪ್ ಎಂಬುದು 1961ರ ಕಾಯಿದೆಗೆ ಒಳಪಟ್ಟದ್ದು. ಅದಕ್ಕೆ ಲಿಖಿತ ಒಪ್ಪಂದ ಬೇಕು, ನಿಗದಿತ ಕನಿಷ್ಠ ಶಿಷ್ಯವೇತನ ಸಲ್ಲಬೇಕು. ಸಾಮಾನ್ಯವಾಗಿ 'ಇಂಟರ್ನ್‌ಶಿಪ್' ಎಂದು ಕರೆಯಲಾಗುವ ತರಬೇತಿಗೆ ಈ ಕಾನೂನಿನ ರಕ್ಷಣೆ ಇಲ್ಲ. ಹಾಗೆಂದು ಅಪ್ರೆಂಟಿಸ್‌ಶಿಪ್ ಮುಗಿಸಿದವರಿಗೆ ಅದೇ ಸಂಸ್ಥೆಯಲ್ಲಿ ನೌಕರಿ ಖಚಿತವೆಂದೂ ಭಾವಿಸುವಂತಿಲ್ಲ. 2014ರ ತಿದ್ದುಪಡಿಯ ಪ್ರಕಾರ ನೇಮಕಾತಿಯ ನೀತಿಯನ್ನು ಆಯಾ ಸಂಸ್ಥೆಯೇ ರೂಪಿಸಿಕೊಳ್ಳುತ್ತದೆ.

ಈ ವ್ಯವಸ್ಥೆಯಲ್ಲಿ ಅಪಾಯಗಳಿಲ್ಲವೆಂದಲ್ಲ. ಕಾಲೇಜು ತನ್ನ ಹೊಣೆಯನ್ನು ಕೈಬಿಟ್ಟರೆ ವಿದ್ಯಾರ್ಥಿಗಳು ಕಡಿಮೆ ಖರ್ಚಿನ ಕೆಲಸಗಾರರಾಗಿ ಉಳಿಯುತ್ತಾರೆ. ಕಡತ ಜೋಡಿಸುವುದರಲ್ಲಿಯೇ ಆರು ತಿಂಗಳು ಕಳೆದರೆ ಅದಕ್ಕೆ ಕ್ರೆಡಿಟ್ ದೊರೆತರೂ ವಿದ್ಯೆ ದೊರೆಯುವುದಿಲ್ಲ. ಒಂದೇ ಯಂತ್ರಕ್ಕೆ, ಒಂದೇ ತಂತ್ರಾಂಶಕ್ಕೆ ಸೀಮಿತವಾದ ತರಬೇತಿ ಆ ಯಂತ್ರ ಹಳೆಯದಾದ ದಿನವೇ ನಿರರ್ಥಕವಾಗುತ್ತದೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂಬ ಗಾದೆಯ ಬುದ್ಧಿಯು ವಿಶಾಲವಾದ ಓದು ಮತ್ತು ಕೈಯ ಅನುಭವ ಎರಡೂ ಸೇರಿದಾಗಲೇ ಬೆಳೆಯುವಂಥದ್ದು. ಉದ್ಯಮಕ್ಕೆ ಕೆಲಸಗಾರರನ್ನು ಪೂರೈಸುವುದಷ್ಟೇ ವಿಶ್ವವಿದ್ಯಾಲಯದ ಧರ್ಮವಲ್ಲ.

ಮಕ್ಕಳನ್ನು ಮಂಗಳೂರು, ಮಣಿಪಾಲ, ಬೆಂಗಳೂರುಗಳಿಗೆ ಕಳುಹಿಸುವ ಕುಟುಂಬಗಳು ಇನ್ನೊಂದು ಅಂಶವನ್ನು ಗಮನಿಸಬೇಕು. ಕರ್ನಾಟಕವು 2021-22ರಲ್ಲಿ ನಾಲ್ಕು ವರ್ಷಗಳ ಪದವಿ ಪದ್ಧತಿಯನ್ನು ಜಾರಿಗೆ ತಂದು, 2024-25ರಿಂದ ಮೂರು ವರ್ಷಗಳ ಪದವಿಗೆ ಮರಳಿತು. ರಾಜ್ಯದಿಂದ ರಾಜ್ಯಕ್ಕೆ ನಿಯಮ ಭಿನ್ನವಾಗಿರುವುದರಿಂದ ಪ್ರವೇಶಕ್ಕೆ ಮುನ್ನವೇ ವಿಚಾರಿಸುವುದು ಲೇಸು.

ಆದುದರಿಂದ ಶುಲ್ಕ ಕಟ್ಟುವ ಮೊದಲು ನಾವು ಕಾಲೇಜನ್ನು ಕೇಳಬೇಕಾದ ಪ್ರಶ್ನೆಗಳಿವು: ಕಾರ್ಯಕ್ಷೇತ್ರದ ತರಬೇತಿ ಎಷ್ಟು ಸೆಮಿಸ್ಟರ್‌ಗಳದ್ದು? ಅದು ಒಪ್ಪಂದವಿರುವ ಅಪ್ರೆಂಟಿಸ್‌ಶಿಪ್ಪೇ? ಅದಕ್ಕೆ ಎಷ್ಟು ಕ್ರೆಡಿಟ್? ಅಲ್ಲಿ ವಿದ್ಯಾರ್ಥಿಯ ಪ್ರಗತಿಯನ್ನು ನೋಡಿಕೊಳ್ಳುವ ಅಧ್ಯಾಪಕರು ಯಾರು? ಕಟ್ಟಡದ ಭವ್ಯತೆಗಿಂತ ಈ ಉತ್ತರಗಳು ಕಾಲೇಜಿನ ಯೋಗ್ಯತೆಯನ್ನು ಹೆಚ್ಚು ಸ್ಪಷ್ಟವಾಗಿ ತಿಳಿಸುತ್ತವೆ. ಉದ್ಯಮಗಳಲ್ಲಿ, ಬ್ಯಾಂಕುಗಳಲ್ಲಿ, ಆಸ್ಪತ್ರೆಗಳಲ್ಲಿ ಅನುಭವ ಗಳಿಸಿರುವ ನಮ್ಮ ಸಮಾಜದ ಹಿರಿಯರು ಈ ಆಯ್ಕೆಯ ವೇಳೆ ಮನೆಯ ಹಾಗೂ ನೆರೆಹೊರೆಯ ಮಕ್ಕಳೊಡನೆ ಒಂದು ಗಂಟೆ ಕುಳಿತು ಮಾತನಾಡಿದರೆ, ಆ ಮಾರ್ಗದರ್ಶನಕ್ಕೆ ಬೆಲೆ ಕಟ್ಟಲಾಗದು.