ನೂರು ಮಂದಿ ಸೇರಿದರೆ ವರ್ಷದ ಮೇಲೆ ಎಷ್ಟು ಮಂದಿ?

"ಮೂವತ್ತು ದಿನದಲ್ಲಿ ಕುಡಿತ ಬಿಡಿಸುತ್ತೇವೆ, ನೂರಕ್ಕೆ ನೂರು ಗ್ಯಾರಂಟಿ." ಬಸ್ ಸ್ಟ್ಯಾಂಡಿನ ಗೋಡೆಯಿಂದ ಮೊಬೈಲಿನವರೆಗೆ ಇಂಥ ಜಾಹೀರಾತಿಗೆ ಈಗ ಬರವಿಲ್ಲ. ಹುಣಸಗಿ ತಾಲ್ಲೂಕಿನ ಕೊಡೇಕಲ್ಲಿನಂಥ ಊರಿನ ಒಂದು ಕುಟುಂಬ ಬಂಗಾರ ಅಡವಿಟ್ಟು ಮಗನನ್ನೋ ಗಂಡನನ್ನೋ ದೂರದ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಲು ಹೊರಟಾಗ ಸಾಮಾನ್ಯವಾಗಿ ಕೇಳುವುದು ಮೂರು ಮಾತು: ಫೀಸು ಎಷ್ಟು, ಊಟ ಹೇಗೆ, ಓಡಿಹೋಗದಂತೆ ನೋಡಿಕೊಳ್ಳುತ್ತಾರಾ? ವಿಜ್ಞಾನ ಕೇಳುವ ಪ್ರಶ್ನೆಗಳು ಬೇರೆ. ಮೊದಲ ಮೂರು ದಿನ ರೋಗಿಯ ಜೀವಕ್ಕೆ ಯಾರು ಹೊಣೆ? ಒಂದು ವರ್ಷದ ಮೇಲೆ ಅವನು ಎಲ್ಲಿದ್ದಾನೆಂದು ಯಾರು ವಿಚಾರಿಸುತ್ತಾರೆ?

ಕುಡಿತ ಬಿಡಿಸುವ ಪ್ರಯತ್ನ ಈ ಸೀಮೆಗೆ ಹೊಸದಲ್ಲ. ಕೃಷ್ಣೆಯ ಆಚೆ ದಡದ ಇಳಕಲ್ಲಿನಲ್ಲಿ ಚಿತ್ತರಗಿ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಸ್ವಾಮೀಜಿ 1970ರ ದಶಕದಲ್ಲೇ ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗಿ, ದುಡ್ಡು ದವಸದ ಬದಲು ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಅವರು ಹುಟ್ಟಿದ ದಿನವಾದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರಗಳದು ಇನ್ನೊಂದು ದಾರಿ. ಎಂಟು ದಿನದ ಶಿಬಿರ ಮುಗಿದ ಮೇಲೂ ಅವರು ಕೈಬಿಡುವುದಿಲ್ಲ. ಶಿಬಿರಾರ್ಥಿಗಳಿಗಾಗಿ ನವಜೀವನ ಸಮಿತಿ ಇರುತ್ತದೆ, ನೂರು ದಿನ ತುಂಬಿದಾಗ ಶತದಿನೋತ್ಸವ ನಡೆಯುತ್ತದೆ. ಚಿಕಿತ್ಸೆ ಎಂಟು ದಿನದ್ದು, ವಿಚಾರಣೆ ಅದಕ್ಕಿಂತ ಎಷ್ಟೋ ದೀರ್ಘ. ಹವಾನಿಯಂತ್ರಿತ ಕೋಣೆ ತೋರಿಸುವ ಎಷ್ಟೋ ಕೇಂದ್ರಗಳಲ್ಲಿ ಕಾಣದ ಗುಣ ಇದು.

ಮೊದಲು ಆ ಮೂರು ದಿನದ ವಿಷಯ. ಮದ್ಯ ಮಿದುಳಿನ ನರಕೋಶಗಳ ಚಟುವಟಿಕೆಯನ್ನು ಇಳಿಸುತ್ತದೆ. ವರ್ಷಗಟ್ಟಲೆ ಕುಡಿದರೆ ಮಿದುಳು ಅದನ್ನು ಸರಿದೂಗಿಸಲು ತನ್ನ ಉದ್ರೇಕವನ್ನು ಏರಿಸಿಕೊಂಡೇ ಇರುತ್ತದೆ. ಕುಡಿತ ಒಮ್ಮೆಲೇ ನಿಂತಾಗ ಇಳಿಸುವ ಶಕ್ತಿ ಹೋಗಿ ಏರಿದ ಉದ್ರೇಕ ಮಾತ್ರ ಉಳಿಯುತ್ತದೆ. ಮೊದಲ ದಿನ ಕೈ ನಡುಗುತ್ತದೆ, ಬೆವರು ಕಿತ್ತುಬರುತ್ತದೆ. ಕೆಲವರಿಗೆ ಒಂದೆರಡು ದಿನದೊಳಗೆ ಫಿಟ್ಸ್ ಬರುತ್ತದೆ. ಇನ್ನು ಕೆಲವರು ಎರಡು ಮೂರನೇ ದಿನಕ್ಕೆ ಇಲ್ಲದ ಹುಳ ಹುಪ್ಪಡಿ ಕಾಣತೊಡಗಿ, ದಿಕ್ಕು ತಪ್ಪಿ ಮಾತಾಡತೊಡಗುತ್ತಾರೆ. ಮನೆಯವರು "ಗಾಳಿ ಬಡಿದಿದೆ" ಎಂದುಕೊಳ್ಳುವ ಈ ಸ್ಥಿತಿಗೆ ವೈದ್ಯರು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಸಾವೂ ಬರಬಹುದು. 2020ರ ಲಾಕ್‌ಡೌನಿನಲ್ಲಿ ಮದ್ಯದಂಗಡಿಗಳು ಏಕಾಏಕಿ ಮುಚ್ಚಿದಾಗ ಬೆಂಗಳೂರಿನ ಆಸ್ಪತ್ರೆಗಳಿಗೆ ಇಂಥ ತೀವ್ರ ಪ್ರಕರಣಗಳು ಹೆಚ್ಚಾಗಿ ಬಂದದ್ದನ್ನು ನಿಮ್ಹಾನ್ಸ್ ಸಂಶೋಧಕರು ದಾಖಲಿಸಿದ್ದಾರೆ. ಹೈದರಾಬಾದಿನ ಎರ್ರಗಡ್ಡ ಮಾನಸಿಕ ಆಸ್ಪತ್ರೆಯ ಮುಂದೆಯೂ ಅದೇ ಹೊತ್ತಿಗೆ ಜನ ಸಾಲುಗಟ್ಟಿದ್ದರು.

ರಾಯಚೂರು, ಯಾದಗಿರಿ ಕಡೆ ಇದಕ್ಕೊಂದು ಸ್ಥಳೀಯ ತೊಡಕೂ ಇದೆ. ಸಿ.ಎಚ್. ಪೌಡರ್ ಬೆರೆಸಿದ ಸೇಂದಿ ಕುಡಿದವರ ದೇಹ ಒಗ್ಗಿಕೊಂಡಿರುವುದು ಮದ್ಯಕ್ಕೆ ಮಾತ್ರವಲ್ಲ, ಕ್ಲೋರಲ್ ಹೈಡ್ರೇಟ್ ಎಂಬ ನಿದ್ದೆಯ ರಾಸಾಯನಿಕಕ್ಕೂ. ಅದನ್ನು ಒಮ್ಮೆಲೇ ನಿಲ್ಲಿಸಿದರೂ ಇದೇ ಅಪಾಯ. ಡಯಜೆಪಾಮ್ ಗುಂಪಿನ ಔಷಧವನ್ನು ಅಳತೆ ನೋಡಿ ಕೊಟ್ಟು ಹಂತಹಂತವಾಗಿ ಇಳಿಸುವುದು, ಗ್ಲೂಕೋಸ್ ಬಾಟಲಿಗೆ ಮೊದಲೇ ಬಿ1 ಜೀವಸತ್ವ ಕೊಡುವುದು ವೈದ್ಯರ ಕೆಲಸ. ಭಜನೆ, ಯೋಗ, ಆಪ್ತಸಲಹೆಗಳ ಸರದಿ ಅದಾದ ಮೇಲೆ.

ಇನ್ನು ಗ್ಯಾರಂಟಿಯ ಲೆಕ್ಕಕ್ಕೆ ಬರೋಣ. ತೊಗರಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಲ್ಕು ಎಕರೆ ಬಿತ್ತಿ, ಎರಡು ಎಕರೆ ನೆಟೆ ರೋಗಕ್ಕೆ ಒಣಗಿ, ಒಂದು ಎಕರೆ ಮಳೆಗೆ ಹೋಗಿ, ಉಳಿದ ಒಂದು ಎಕರೆಯಲ್ಲಿ ಆರು ಕ್ವಿಂಟಲ್ ರಾಶಿಯಾದರೆ "ಎಕರೆಗೆ ಆರು ಕ್ವಿಂಟಲ್ ಬಂತು" ಎಂದು ಯಾವ ರೈತನೂ ಹೇಳುವುದಿಲ್ಲ. ಹೇಳಿದರೆ ಕಟ್ಟೆಯ ಮೇಲೆ ಕುಂತವರೇ ನಗುತ್ತಾರೆ. ಬೀಜ, ಗೊಬ್ಬರ, ಕೂಲಿ ಬಿದ್ದದ್ದು ನಾಲ್ಕೂ ಎಕರೆಗೆ. ಇಳುವರಿಯನ್ನೂ ನಾಲ್ಕರಿಂದಲೇ ಭಾಗಿಸಬೇಕು. ಅದು ಎಕರೆಗೆ ಒಂದೂವರೆ ಕ್ವಿಂಟಲ್.

ವ್ಯಸನಮುಕ್ತಿಯ ಜಾಹೀರಾತು ನಿಂತ ಬೆಳೆಯನ್ನಷ್ಟೇ ಅಳೆಯುತ್ತದೆ. ನೂರು ಮಂದಿ ಸೇರಿದರು ಎಂದು ಭಾವಿಸೋಣ. ಇಪ್ಪತ್ತೈದು ಮಂದಿ ನಡುವೆಯೇ ಮನೆಗೆ ಹೋದರು. ಪೂರ್ತಿ ಮಾಡಿದ ಎಪ್ಪತ್ತೈದು ಮಂದಿಯಲ್ಲಿ ವರ್ಷದ ಮೇಲೆ ಫೋನಿಗೆ ಸಿಕ್ಕವರು ನಲವತ್ತು. ಅವರಲ್ಲಿ ಮೂವತ್ತೆರಡು ಮಂದಿ "ಈಗ ಕುಡಿಯುವುದಿಲ್ಲ" ಎಂದರು. ನಲವತ್ತಕ್ಕೆ ಮೂವತ್ತೆರಡು ಎಂದರೆ ಶೇಕಡ 80. ಕರಪತ್ರದಲ್ಲಿ ಅಚ್ಚಾಗುವುದು ಇದು. ನೂರಕ್ಕೆ ಮೂವತ್ತೆರಡು ಎಂದರೆ ಶೇಕಡ 32. ಎಚ್ಚರದ ಸಂಶೋಧಕ ಬರೆದುಕೊಳ್ಳುವುದು ಇದು. ಫೋನಿಗೆ ಸಿಗದವರೆಲ್ಲ ಮತ್ತೆ ಕುಡಿಯುತ್ತಿದ್ದಾರೆಂದು ಹಿಡಿಯುವುದು ಕಠಿಣ ಲೆಕ್ಕವೇ ಸರಿ, ಆದರೆ ಅವರನ್ನು ಪಟ್ಟಿಯಿಂದಲೇ ಅಳಿಸುವುದು ಲೆಕ್ಕವೇ ಅಲ್ಲ.

ಆ ಮೂವತ್ತೆರಡೂ ಕೇಂದ್ರದ ಪುಣ್ಯವೇ? ಈ ಪ್ರಶ್ನೆಗೆ ಬೆಲೆ ಬಂದದ್ದು ಗ್ರಿಫಿತ್ ಎಡ್ವರ್ಡ್ಸ್ ಮತ್ತು ಜಿಮ್ ಆರ್ಫರ್ಡ್ ಅವರಿಂದ. ಲಂಡನ್ನಿನ ಈ ಸಂಶೋಧಕರು 1977ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮದ್ಯವ್ಯಸನಿಗಳಾದ ನೂರು ವಿವಾಹಿತ ಗಂಡಸರಿದ್ದರು. ಚೀಟಿ ಎತ್ತಿದಂತೆ ಅವರನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ತಿಂಗಳುಗಟ್ಟಲೆ ಪೂರ್ಣ ಚಿಕಿತ್ಸೆ, ಬೇಕಾದರೆ ಆಸ್ಪತ್ರೆ ವಾಸವೂ ಸೇರಿ. ಇನ್ನೊಂದು ಗುಂಪಿಗೆ, ಹೆಂಡತಿಯನ್ನೂ ಕೂರಿಸಿಕೊಂಡು, ಒಂದೇ ಒಂದು ಬುದ್ಧಿಮಾತಿನ ಭೇಟಿ. ಒಂದು ವರ್ಷದ ಕೊನೆಗೆ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಚಿಕಿತ್ಸಾ ಜಗತ್ತು ಸಿಡಿಮಿಡಿಗೊಂಡಿತು. ಆದರೆ ಪ್ರಯೋಗ ತೋರಿಸಿದ ಒಂದು ಸತ್ಯವನ್ನು ಯಾರಿಂದಲೂ ತಳ್ಳಿಹಾಕಲಾಗಲಿಲ್ಲ: ಜನ ಚಿಕಿತ್ಸೆಗೆ ಬರುವುದು ಬದುಕು ತೀರ ತಳ ಕಂಡಾಗ, ಅಲ್ಲಿಂದ ಕೆಲವರು ಹೇಗಿದ್ದರೂ ಮೇಲೇಳುತ್ತಾರೆ. ಹೋಲಿಸಲು ಇನ್ನೊಂದು ಗುಂಪಿಲ್ಲದ ಯಶಸ್ಸಿನ ಸಂಖ್ಯೆಗೆ ತೂಕ ಕಡಿಮೆ. ಲಂಡನ್ನಿನ ಆ ನೂರು ಮಂದಿಗೂ ಮನೆ, ಸಂಸಾರ ಇತ್ತು ಎಂಬುದನ್ನೂ ಮರೆಯಬಾರದು; ಫಿಟ್ಸ್ ಬಂದವನಿಗೆ, ಮನೆಯಿಲ್ಲದವನಿಗೆ ಬುದ್ಧಿಮಾತು ಸಾಲದು.

ಎಲ್ಲರಿಗೂ ಒಳವಾಸ ಬೇಕಿಲ್ಲ ಎಂಬುದಕ್ಕೆ ಹತ್ತಿರದ ಪುರಾವೆ ಗೋವಾದ್ದು. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಅತಿಯಾಗಿ ಕುಡಿಯುವ ಆದರೆ ತೀವ್ರ ಅವಲಂಬನೆಯ ಹಂತ ಮುಟ್ಟದ 377 ಗಂಡಸರ ಮೇಲೆ ನಡೆದ ಪ್ರಯೋಗ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಆಪ್ತಸಲಹೆ ಕೊಟ್ಟವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಮೂರು ತಿಂಗಳಿಗೆ ಸುಧಾರಿಸಿದವರು ಸಲಹೆ ಪಡೆದ ಗುಂಪಿನಲ್ಲಿ ಶೇಕಡ 36, ಇನ್ನೊಂದರಲ್ಲಿ 26. ವ್ಯತ್ಯಾಸ ಹತ್ತೇ ಅಂಶ, ಆದರೆ ಅದು ನಂಬಬಹುದಾದ ಹತ್ತು. ನಮ್ಮಲ್ಲಿ ಸಿಗುವ ಚಿಕಿತ್ಸೆಯೇ ಕಡಿಮೆ: 2019ರ ಏಮ್ಸ್ ನೇತೃತ್ವದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಾವಲಂಬಿಗಳಲ್ಲಿ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ, ಒಳರೋಗಿಯಾಗಿ ಚಿಕಿತ್ಸೆ ಸಿಕ್ಕಿದ್ದು 180ರಲ್ಲಿ ಒಬ್ಬರಿಗೆ. ಈ ಕೊರತೆಯಲ್ಲೇ ಗ್ಯಾರಂಟಿ ವ್ಯಾಪಾರ ಕುದುರುತ್ತದೆ.

ಕಾನೂನು ಸುಮ್ಮನಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ, ಮಾದಕ ವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಒಳಗೊಳ್ಳುತ್ತದೆ. ಇಂಥವರನ್ನು ಇರಿಸಿಕೊಂಡು ಚಿಕಿತ್ಸೆ ಕೊಡುವ ಸಂಸ್ಥೆಗೆ ನೋಂದಣಿ ಕಡ್ಡಾಯ. ಸರಪಳಿ ಹಾಕುವುದಕ್ಕೆ ಯಾವ ರೂಪದಲ್ಲೂ ಅವಕಾಶವಿಲ್ಲ. ತಾನಾಗಿ ಸೇರಿದವನು ಬಿಡುಗಡೆ ಕೇಳಬಹುದು. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲದವನನ್ನು ಸೇರಿಸಲು ಇಬ್ಬರು ತಜ್ಞರ ಪ್ರತ್ಯೇಕ ಪರೀಕ್ಷೆ ಬೇಕು, ಮೊದಲ ಮಿತಿ 30 ದಿನ. "ಗಾಡಿ ಕಳಿಸಿ ಎತ್ತಿಕೊಂಡು ಬರುತ್ತೇವೆ" ಎನ್ನುವ ಕೇಂದ್ರವನ್ನು ಅಲ್ಲಿಗೇ ಕೈಬಿಡಬಹುದು.

ಹಾಗಾದರೆ ದುಡ್ಡು ಕಟ್ಟುವ ಮೊದಲು ಕೇಳಬೇಕಾದ್ದು ಇಷ್ಟು. ನೋಂದಣಿ ಪತ್ರ ಎಲ್ಲಿ? ರಾತ್ರಿ ಫಿಟ್ಸ್ ಬಂದರೆ ನೋಡುವ ವೈದ್ಯರು ಯಾರು? ಮನೆಯವರು ಭೇಟಿಯಾಗಬಹುದೇ? ಕುಡಿತದ ಸೆಳೆತ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಔಷಧಗಳನ್ನು ಮನೆಗೆ ಹೋದ ಮೇಲೂ ಮುಂದುವರಿಸುತ್ತಾರೆಯೇ? ಮತ್ತೆ ಕುಡಿದು ಬಂದವನನ್ನು ಬೈದು ಕಳಿಸುತ್ತಾರೋ, ಚಿಕಿತ್ಸೆ ಬದಲಿಸುತ್ತಾರೋ? ಹೋದ ವರ್ಷ ಸೇರಿದವರೆಷ್ಟು, ಅವರಲ್ಲಿ ಈಗ ಸಂಪರ್ಕದಲ್ಲಿರುವವರೆಷ್ಟು? ಕೊನೆಯ ಪ್ರಶ್ನೆಗೆ ರಿಜಿಸ್ಟರ್ ತೆರೆಯುವ ಕೇಂದ್ರ ಶೇಕಡ 30 ಎಂದರೂ ನಂಬಬಹುದು. ತೆರೆಯದ ಕೇಂದ್ರ 100 ಎಂದರೂ ನಂಬಬೇಡಿ. ದೂರ ಹೊರಡುವ ಮುಂಚೆ ತಾಲ್ಲೂಕು ಆಸ್ಪತ್ರೆಯಲ್ಲಿ, ಮನೋವೈದ್ಯರು ಬಂದು ನೋಡುವ ಮನೋಚೈತನ್ಯ ಕ್ಲಿನಿಕ್ಕಿನ ಮಂಗಳವಾರ ಯಾವುದೆಂದು ವಿಚಾರಿಸಿ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416. ಎರಡಕ್ಕೂ ಕರೆ ಉಚಿತ.