ತೆರೆಯ ಮುಂದೆ ಮಕ್ಕಳು ಅತ್ತಾಗ: ತರಗತಿಯಲ್ಲಿ ಚಿತ್ರ ತೋರಿಸುವವರು ತಿಳಿದಿರಬೇಕಾದದ್ದು

ಬೋಧನಾಭ್ಯಾಸಕ್ಕೆ ಹೋಗುವ ನಮ್ಮಲ್ಲಿ ಹೆಚ್ಚಿನವರ ಪಾಠಯೋಜನೆಯಲ್ಲಿ ಈಗ ಒಂದಾದರೂ ಚಲನಚಿತ್ರದ ತುಣುಕು ಇರುತ್ತದೆ. ಶಾಲೆಯಲ್ಲಿ ಸ್ಮಾರ್ಟ್ ಕ್ಲಾಸ್ ಇದ್ದರೆ ಅಲ್ಲಿ, ಇಲ್ಲದಿದ್ದರೆ ನಮ್ಮದೇ ಲ್ಯಾಪ್‌ಟಾಪ್‌ನಲ್ಲಿ ತೋರಿಸುತ್ತೇವೆ. ಯಾವ ತುಣುಕು, ಎಷ್ಟು ನಿಮಿಷ, ನಂತರ ಯಾವ ಪ್ರಶ್ನೆ ಎಂಬುದನ್ನೆಲ್ಲ ಮೊದಲೇ ಬರೆದಿಡುತ್ತೇವೆ. ನೋಡುವಾಗ ಮಕ್ಕಳಿಗೆ ಏನನ್ನಿಸಬಹುದು ಎಂಬುದಕ್ಕೆ ಮಾತ್ರ ಅಲ್ಲಿ ಜಾಗವಿಲ್ಲ. ಆದರೆ ತುಣುಕು ಮುಗಿದು ದೀಪ ಹಾಕಿದಾಗ ನಮಗೆ ಮೊದಲು ಕಾಣುವುದು ಅದೇ. ಒಬ್ಬಳು ಕಣ್ಣೊರೆಸಿಕೊಳ್ಳುತ್ತಿರುತ್ತಾಳೆ, ಹಿಂದಿನ ಬೆಂಚಿನ ಇಬ್ಬರು ನಗುತ್ತಿರುತ್ತಾರೆ, ಇನ್ನೊಬ್ಬ ತಲೆ ತಗ್ಗಿಸಿ ಕುಳಿತಿರುತ್ತಾನೆ. ಆ ಹೊತ್ತಿನಲ್ಲಿ ಶಿಕ್ಷಕಿ ಏನು ಮಾಡಬೇಕು? ಇದಕ್ಕೆ ಉತ್ತರ ಹುಡುಕಬೇಕಾದರೆ ಆ ಕಣ್ಣೀರು ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ಸುಳ್ಳೆಂದು ಗೊತ್ತಿದ್ದೂ ಅಳುವುದೇಕೆ?

ತೆರೆಯ ಮೇಲೆ ಸತ್ತವನು ನಿಜವಾಗಿ ಸತ್ತಿಲ್ಲ ಎಂಬುದು ಆರನೇ ತರಗತಿಯ ಮಗುವಿಗೂ ಗೊತ್ತು. ಆದರೂ ಗಂಟಲು ಕಟ್ಟುತ್ತದೆ. ಈ ಒಗಟನ್ನು ಕಾಲಿನ್ ರ‍್ಯಾಡ್‌ಫೋರ್ಡ್ ಎಂಬ ತತ್ತ್ವಶಾಸ್ತ್ರಜ್ಞ 1975ರಲ್ಲಿ ಒಂದು ಪ್ರಬಂಧದಲ್ಲಿ ಎತ್ತಿದರು. ಟಾಲ್‌ಸ್ಟಾಯ್ ಅವರ ಕಾದಂಬರಿಯ ಅನ್ನಾ ಕರೆನಿನಾ ಎಂಬ ಹೆಣ್ಣು ಎಂದೂ ಬದುಕಿರಲೇ ಇಲ್ಲ ಎಂದು ತಿಳಿದೂ ಅವಳಿಗಾಗಿ ನಾವು ಮರುಗುವುದು ಹೇಗೆ ಎಂಬುದು ಅವರ ಪ್ರಶ್ನೆ. ಅದರ ಮೇಲಿನ ಚರ್ಚೆ ಇನ್ನೂ ಮುಗಿದಿಲ್ಲ.

ಜೀವವಿಜ್ಞಾನ ಓದಿದ ನನಗೆ ಹುಣಸೆಹಣ್ಣಿನ ಉದಾಹರಣೆ ಇಲ್ಲಿ ನೆರವಿಗೆ ಬರುತ್ತದೆ. ಹುಣಸೆಹಣ್ಣಿನ ಚಿತ್ರ ತೋರಿಸಿ, ಇದು ಬರೀ ಕಾಗದ ಎಂದು ಹೇಳಿದರೂ ಬಾಯಲ್ಲಿ ನೀರೂರುತ್ತದೆ. ‘ಕಾಗದ’ ಎಂದು ತಿಳಿಯುವುದು ಒಂದು ಕೆಲಸ, ಜೊಲ್ಲು ಸುರಿಸುವುದು ಇನ್ನೊಂದು ಕೆಲಸ. ಎರಡನೆಯದನ್ನು ನಡೆಸುವ ಸ್ವಯಂಚಾಲಿತ ನರವ್ಯೂಹ ನಮ್ಮ ಅಪ್ಪಣೆಗೆ ಕಾಯುವುದಿಲ್ಲ. ಎದೆಬಡಿತ ಏರುವುದು, ಮೈಕೂದಲು ನಿಮಿರುವುದು, ಕಣ್ಣಿನ ಮೇಲ್ಭಾಗದ ಅಶ್ರುಗ್ರಂಥಿ ನೀರು ಸುರಿಸುವುದು ಎಲ್ಲವೂ ಅದೇ ಆಡಳಿತಕ್ಕೆ ಸೇರಿದವು. ಕಣ್ಣಿಗೆ ಧೂಳು ಬಿದ್ದಾಗ ಬರುವ ನೀರೂ ದುಃಖದಿಂದ ಬರುವ ನೀರೂ ಅದೇ ಗ್ರಂಥಿಯಿಂದ ಬಂದರೂ ಅವುಗಳಿಗೆ ಪ್ರಚೋದನೆ ಬರುವ ದಾರಿ ಬೇರೆ. ಹಾಗಾಗಿ ‘ಅದು ಸಿನಿಮಾ ಕಣೋ, ಅಳ್ತಾರಾ?’ ಎಂದು ಗದರಿಸಿದರೆ ಮಗುವಿನ ಕಣ್ಣೀರು ನಿಲ್ಲುವುದಿಲ್ಲ. ಅದಕ್ಕೆ ನಾಚಿಕೆಯೂ ಸೇರಿಕೊಳ್ಳುತ್ತದೆ, ಅಷ್ಟೆ.

ಇದೇ ಉದಾಹರಣೆಯಲ್ಲಿ ಇನ್ನೊಂದು ಪಾಠವಿದೆ. ಹುಣಸೆಹಣ್ಣನ್ನು ಒಮ್ಮೆಯೂ ತಿನ್ನದವರಿಗೆ ಆ ಚಿತ್ರ ನೋಡಿ ನೀರೂರುವುದಿಲ್ಲ. ಪಾವ್ಲೊವ್ ತನ್ನ ನಾಯಿಗಳಲ್ಲಿ ತೋರಿಸಿದ್ದೂ ಇದನ್ನೇ: ಹಿಂದೆ ಆದ ಅನುಭವವೇ ಇಂದಿನ ಪ್ರತಿಕ್ರಿಯೆಯನ್ನು ಹುಟ್ಟಿಸುತ್ತದೆ. ಚಿತ್ರವೂ ಹಾಗೆಯೇ. ತೆರೆಯ ಮೇಲಿರುವುದು ಎಲ್ಲರಿಗೂ ಒಂದೇ, ಆದರೆ ಅದು ತಟ್ಟುವ ನೆನಪು ಒಬ್ಬೊಬ್ಬರದು ಒಂದೊಂದು.

ಕನ್ನಡದಲ್ಲಿ ಇದಕ್ಕೆ ಎಲ್ಲರೂ ಬಲ್ಲ ನಿದರ್ಶನ ‘777 ಚಾರ್ಲಿ’. ಒಂಟಿಯಾಗಿ ಬದುಕುವ ಧರ್ಮ ಎಂಬ ಯುವಕ ಮತ್ತು ಅವನ ಪಾಲಿಗೆ ಬಂದ ನಾಯಿಯ ಈ ಕಥೆ 2022ರ ಜೂನ್‌ನಲ್ಲಿ ತೆರೆಗೆ ಬಂತು. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಚಿತ್ರ ನೋಡಿ ಕಣ್ಣೀರು ಹಾಕಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಹಿಂದಿನ ವರ್ಷ ತೀರಿಕೊಂಡಿದ್ದ ತಮ್ಮ ಮನೆಯ ನಾಯಿ ಅವರಿಗೆ ನೆನಪಾಗಿತ್ತು. ಅವರು ಅತ್ತದ್ದು ಚಾರ್ಲಿಗಾಗಿಯೋ ತಮ್ಮ ನಾಯಿಗಾಗಿಯೋ ಎಂದು ಬಿಡಿಸಿ ಹೇಳಲಾಗದು. ನೋಡುಗರ ಭಾವ ಹುಟ್ಟುವುದೇ ಆ ಎರಡೂ ಕೂಡುವ ಜಾಗದಲ್ಲಿ.

ಚಿತ್ರ ತನ್ನ ಕೆಲಸ ಮಾಡುವ ಬಗೆ

ಎಲ್ಲವೂ ನೋಡುಗರ ನೆನಪಿನಿಂದಲೇ ಬರುವುದಿಲ್ಲ. ಚಿತ್ರ ಕಟ್ಟಿದವರ ಕೈವಾಡವೂ ಇದೆ. 1920ರ ಆಸುಪಾಸಿನಲ್ಲಿ ರಷ್ಯಾದ ಲೆವ್ ಕುಲೆಶೊವ್ ಮಾಡಿದ ಪ್ರಯೋಗವನ್ನು ಸಿನಿಮಾ ಕಲಿಯುವವರೆಲ್ಲ ಓದುತ್ತಾರೆ. ಒಬ್ಬ ನಟನ ಭಾವವಿಲ್ಲದ ಮುಖದ ಒಂದೇ ದೃಶ್ಯವನ್ನು ಒಮ್ಮೆ ಸೂಪಿನ ಬಟ್ಟಲಿನ ಜೊತೆಗೆ, ಇನ್ನೊಮ್ಮೆ ಶವಪೆಟ್ಟಿಗೆಯ ಜೊತೆಗೆ ಜೋಡಿಸಿ ತೋರಿಸಿದಾಗ, ನೋಡುಗರು ಮೊದಲನೆಯದರಲ್ಲಿ ಹಸಿವನ್ನೂ ಎರಡನೆಯದರಲ್ಲಿ ದುಃಖವನ್ನೂ ಕಂಡರು ಎಂದು ಹೇಳಲಾಗುತ್ತದೆ. ಮುಖ ಬದಲಾಗಿರಲಿಲ್ಲ. ಪಕ್ಕದಲ್ಲಿ ಇಟ್ಟ ಚಿತ್ರ ನೋಡುಗರ ಮನಸ್ಸಿನಲ್ಲಿ ಆ ಭಾವವನ್ನು ತುಂಬಿತ್ತು.

ಹಿನ್ನೆಲೆ ಸಂಗೀತವೂ ಇಂಥದೇ ಕೆಲಸ ಮಾಡುತ್ತದೆ. ಇದನ್ನು ನೀವೇ ಪರೀಕ್ಷಿಸಬಹುದು. ನಿಮಗೆ ಅಳು ಬರಿಸಿದ ದೃಶ್ಯವೊಂದನ್ನು ಧ್ವನಿ ಪೂರ್ತಿ ನಿಲ್ಲಿಸಿ ನೋಡಿ. ನಂತರ ಚಿತ್ರ ನೋಡದೆ ಧ್ವನಿಯನ್ನಷ್ಟೇ ಕೇಳಿ. ಎಷ್ಟು ಭಾರ ಯಾವುದರ ಮೇಲಿತ್ತು ಎಂಬುದು ತಿಳಿಯುತ್ತದೆ. ಪ್ರೌಢಶಾಲೆಯ ಮಕ್ಕಳಿಗೆ ಈ ಚಟುವಟಿಕೆ ಬಹಳ ಹಿಡಿಸುತ್ತದೆ. ಇದು ಅವರ ಭಾವವನ್ನು ಅಲ್ಲಗಳೆಯುವುದಿಲ್ಲ. ಅದು ಹೇಗೆ ಹುಟ್ಟಿತು ಎಂದು ತೋರಿಸುತ್ತದೆ.

ಧಾರಾವಾಹಿಗಳದು ಇನ್ನೊಂದು ಬಗೆ. ಸಿನಿಮಾ ಎರಡೂವರೆ ಗಂಟೆಯಲ್ಲಿ ಮುಗಿಯುತ್ತದೆ, ಧಾರಾವಾಹಿ ದಿನವೂ ಅದೇ ಹೊತ್ತಿಗೆ ಮನೆಗೆ ಬರುತ್ತದೆ. ನಮ್ಮ ಅಜ್ಜಿ ಧಾರಾವಾಹಿಯ ಅತ್ತೆಯನ್ನು ಎದುರು ಮನೆಯವಳನ್ನು ಬಯ್ದಷ್ಟೇ ಸಲೀಸಾಗಿ ಬಯ್ಯುತ್ತಾರೆ. ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲೇ ಇಂಥ ಏಕಮುಖ ಒಡನಾಟದ ಬಗ್ಗೆ ಬರೆದರು. ತೆರೆಯ ಮೇಲಿನವರು ನಮ್ಮನ್ನು ಅರಿಯರು, ಆದರೆ ನಾವು ಅವರನ್ನು ಬಲ್ಲೆವು ಎಂದುಕೊಳ್ಳುತ್ತೇವೆ. ಮಕ್ಕಳು ತರಗತಿಗೆ ಬರುವಾಗ ಈ ಒಡನಾಟಗಳನ್ನೂ ಹೊತ್ತು ತರುತ್ತಾರೆ.

ಎರಡು ಬಗೆಯ ಕಣ್ಣೀರು

ಇಲ್ಲಿ ನಮ್ಮ ಕಾವ್ಯಮೀಮಾಂಸೆ ಬಹಳ ನೆರವಾಗುತ್ತದೆ. ಲೋಕದಲ್ಲಿ ಶೋಕವಾಗಿರುವುದು ರಂಗದ ಮೇಲೆ ಕರುಣರಸವಾಗುತ್ತದೆ. ಆಗ ಆ ದುಃಖ ನಟನದೂ ಅಲ್ಲ, ನನ್ನದೂ ಅಲ್ಲ, ಎಲ್ಲರದೂ ಆಗುತ್ತದೆ. ಭಟ್ಟನಾಯಕನು ಇದನ್ನು ಸಾಧಾರಣೀಕರಣ ಎಂದ. ಅದರಿಂದಲೇ ಅತ್ತು ಹೊರಬಂದವರು ‘ಚಿತ್ರ ತುಂಬಾ ಚೆನ್ನಾಗಿತ್ತು’ ಎನ್ನುತ್ತಾರೆ.

ಆದರೆ ರಸಾನುಭವಕ್ಕೆ ಅಡ್ಡಿಯಾಗುವ ಏಳು ವಿಘ್ನಗಳನ್ನು ಅಭಿನವಗುಪ್ತ ಹೇಳುತ್ತಾನೆ. ಅವುಗಳಲ್ಲಿ ಒಂದು, ನೋಡುಗನು ತನ್ನದೇ ಸುಖದುಃಖಗಳ ವಶವಾಗಿಬಿಡುವುದು. ಈ ಮಾತನ್ನು ಶಿಕ್ಷಕರು ಮರೆಯಬಾರದು. ಮನೆಯಲ್ಲಿ ಸಾವಾಗಿ ಮೂರು ತಿಂಗಳೂ ಆಗಿರದ ಮಗುವಿಗೆ ತೆರೆಯ ಮೇಲಿನ ಸಾವು ರಸವಾಗುವುದಿಲ್ಲ, ಮತ್ತೆ ಶೋಕವೇ ಆಗುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಕಣ್ಣೀರು ಒಂದೇ. ಒಂದು ಕಣ್ಣೀರಿನ ಮಗುವಿಗೆ ಮಾತಾಡಲು ಅವಕಾಶ ಬೇಕು, ಇನ್ನೊಂದು ಕಣ್ಣೀರಿನ ಮಗುವಿಗೆ ಮಾತಾಡದೆ ಇರಲು ಅವಕಾಶ ಬೇಕು.

ಒಂದು ತರಗತಿಯ ಅವಲೋಕನ

ಹತ್ತನೇ ತರಗತಿಯಲ್ಲಿ ಅನುವಂಶೀಯತೆಯ ಪಾಠಕ್ಕೆ ನಾನು ‘777 ಚಾರ್ಲಿ’ಯ ಎಂಟು ನಿಮಿಷದ ಭಾಗವನ್ನು ಆರಿಸಿಕೊಂಡಿದ್ದೆ. ಹತ್ತಿರದ ರಕ್ತಸಂಬಂಧದ ನಾಯಿಗಳ ನಡುವೆಯೇ ಮತ್ತೆ ಮತ್ತೆ ಮರಿ ಮಾಡಿಸುವುದರಿಂದ ಆಗುವ ತೊಂದರೆಯನ್ನೂ ಆ ಚಿತ್ರ ಎತ್ತುತ್ತದೆ. ನಮ್ಮ ಮಾರ್ಗದರ್ಶಕ ಶಿಕ್ಷಕಿಯವರದು ಒಂದು ಕ್ರಮವಿದೆ. ಯಾರೇ ಚಿತ್ರ ತೋರಿಸಲಿ, ಹಿಂದಿನ ದಿನ ಹಾಜರಾತಿ ಪುಸ್ತಕವನ್ನು ಮುಂದಿಟ್ಟು, ಯಾವ ಮಗುವಿನ ಮನೆಯಲ್ಲಿ ಏನಾಗಿದೆ ಎಂದು ತರಗತಿ ಶಿಕ್ಷಕರೊಂದಿಗೆ ಮಾತಾಡಿಸುತ್ತಾರೆ. ಆ ವರ್ಷ ತಂದೆಯನ್ನು ಕಳೆದುಕೊಂಡ ಹುಡುಗಿಯೊಬ್ಬಳು ಆ ತರಗತಿಯಲ್ಲಿದ್ದಳು. ಅವಳಿಗೆ ಬೆಳಿಗ್ಗೆಯೇ ಒಬ್ಬಳನ್ನೇ ಕರೆದು ವಿಷಯ ತಿಳಿಸಿದೆ: ‘ಇವತ್ತು ತೋರಿಸೋ ಭಾಗದಲ್ಲಿ ಕಾಯಿಲೆ ಬಿದ್ದ ನಾಯಿ ಬರುತ್ತೆ ಪುಟ್ಟ. ಬೇಡ ಅನ್ನಿಸಿದ್ರೆ ಲೈಬ್ರರೀಲಿ ಕೂತಿರು, ಯಾರೂ ಏನೂ ಕೇಳಲ್ಲ.’ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇಲ್ಲ ಮಿಸ್, ನೋಡ್ತೀನಿ. ಬಾಗಿಲ ಹತ್ರ ಕೂತ್ಕೋತೀನಿ’ ಎಂದಳು.

ತುಣುಕು ಮುಗಿದ ಮೇಲೆ ಎರಡು ನಿಮಿಷ ನಾನು ಏನೂ ಕೇಳಲಿಲ್ಲ. ಅನ್ನಿಸಿದ್ದನ್ನು ಎರಡು ಸಾಲು ಬರೆದುಕೊಳ್ಳಿ, ನನಗೆ ತೋರಿಸಬೇಕಾಗಿಲ್ಲ ಎಂದೆ. ನಂತರ ಇಷ್ಟವಿದ್ದವರು ಮಾತಾಡಿದರು. ಒಬ್ಬಳು ಮನೆಯ ಹಸುವನ್ನು ಮಾರಿದ ದಿನವನ್ನು ನೆನೆದಳು. ನಕ್ಕಿದ್ದ ಹುಡುಗರಲ್ಲಿ ಒಬ್ಬ, ‘ನಗದೆ ಇದ್ದಿದ್ರೆ ಅಳು ಬರ್ತಿತ್ತು ಮಿಸ್, ಆಮೇಲೆ ಇವ್ರೆಲ್ಲ ರೇಗಿಸ್ತಿದ್ರು’ ಎಂದ. ಆ ಮಾತಿಗೆ ಇಡೀ ತರಗತಿ ನಕ್ಕು ಹಗುರಾಯಿತು. ಬಾಗಿಲ ಬಳಿಯ ಹುಡುಗಿ ಏನೂ ಹೇಳಲಿಲ್ಲ. ಎದ್ದು ಹೋಗಿ ಮುಖ ತೊಳೆದು ಬಂದು ಅಲ್ಲೇ ಕುಳಿತಳು. ಆಗ ಮುಂದಿನ ಬೆಂಚಿನಿಂದ ಪ್ರಶ್ನೆ ಬಂತು: ‘ಮಿಸ್, ಅದಕ್ಕೆ ಯಾಕೆ ಆ ಕಾಯಿಲೆ ಬಂತು?’ ನನ್ನ ಪಾಠ ಶುರುವಾಗಬೇಕಿದ್ದ ಪ್ರಶ್ನೆ ಅದೇ. ನಾನು ಕೇಳುವ ಮೊದಲೇ ಮಕ್ಕಳು ಅದನ್ನು ಕೇಳಿದ್ದರು. ಅಪ್ರಬಲ ಗುಣಗಳು ಹತ್ತಿರದ ಸಂಬಂಧದಲ್ಲಿ ಹೇಗೆ ಜೋಡಿಯಾಗುತ್ತವೆ ಎಂಬ ವಿವರಣೆಯನ್ನು ಅವರು ಅಂದು ಬಹಳ ಗಮನವಿಟ್ಟು ಕೇಳಿದರು.

ಪಾಠಯೋಜನೆಗೆ ಇಳಿಸುವುದು ಹೇಗೆ?

ಭಾವಾತ್ಮಕ ವಲಯದ ಉದ್ದೇಶಗಳನ್ನು ಕ್ರಾಥ್‌ವೋಲ್ ಮತ್ತು ಸಂಗಡಿಗರು 1964ರಲ್ಲಿ ಐದು ಮೆಟ್ಟಿಲುಗಳಾಗಿ ಜೋಡಿಸಿದರು: ಸ್ವೀಕರಿಸುವುದು, ಪ್ರತಿಕ್ರಿಯಿಸುವುದು, ಮೌಲ್ಯ ಕೊಡುವುದು, ಮೌಲ್ಯಗಳನ್ನು ಸಂಘಟಿಸುವುದು, ಅವು ವ್ಯಕ್ತಿತ್ವದ ಭಾಗವಾಗುವುದು. ಚಿತ್ರ ಮುಗಿದ ಕೂಡಲೇ ‘ಇದರಿಂದ ನಾವು ಕಲಿಯುವ ನೀತಿ ಏನು?’ ಎಂದು ಕೇಳಿದರೆ ಎರಡನೇ ಮೆಟ್ಟಿಲನ್ನು ಹಾರಿ ಮೂರನೆಯದಕ್ಕೆ ಕಾಲಿಟ್ಟಂತೆ. ‘ಪ್ರಾಣಿಗಳನ್ನು ಪ್ರೀತಿಸಬೇಕು’ ಎಂಬ ಸಿದ್ಧ ಉತ್ತರ ಬರುತ್ತದೆ, ಮಗು ಪಾರಾಗುತ್ತದೆ. ಲೂಯಿಸ್ ರೋಸೆನ್‌ಬ್ಲಾಟ್ ಅವರು ಓದಿನ ಬಗ್ಗೆ ಹೇಳಿದ್ದು ಇಲ್ಲಿಗೂ ಸಲ್ಲುತ್ತದೆ. ಮಾಹಿತಿ ಎತ್ತಿಕೊಳ್ಳಲು ಓದುವುದು ಬೇರೆ, ಓದುತ್ತಿರುವಾಗಿನ ಅನುಭವವನ್ನು ಬಾಳುವುದು ಬೇರೆ. ಎರಡೂ ಬೇಕು, ಆದರೆ ಅನುಭವಕ್ಕೆ ಮೊದಲು ಜಾಗ ಕೊಡಬೇಕು.

ನಾನು ಈಗ ಅನುಸರಿಸುತ್ತಿರುವ ಕ್ರಮ ಹೀಗಿದೆ:

1. ತುಣುಕನ್ನು ಮೊದಲೇ ಧ್ವನಿಸಹಿತ ಪೂರ್ತಿ ನೋಡುವುದು. ಸಾವು, ಹೊಡೆತ, ಕಾಯಿಲೆ, ಕುಡಿತ ಇದ್ದರೆ ಗುರುತು ಮಾಡಿ ತರಗತಿ ಶಿಕ್ಷಕರೊಂದಿಗೆ ಮಾತಾಡುವುದು.

2. ತೋರಿಸುವ ಮುನ್ನ ಒಂದು ವಾಕ್ಯದಲ್ಲಿ ಎಲ್ಲರಿಗೂ ಸೂಚನೆ ಕೊಡುವುದು. ಹೊರಹೋಗಲು ಕಾರಣ ಕೇಳದೆ ಅನುಮತಿ ನೀಡುವುದು.

3. ಮುಗಿದ ಮೇಲೆ ಎರಡು ನಿಮಿಷ ಮೌನ, ಇಲ್ಲವೇ ತಮಗಾಗಿ ಬರೆಯುವುದು.

4. ಪ್ರಶ್ನೆಗಳ ಸರಣಿ: ಏನನ್ನಿಸಿತು? ಯಾವ ಕ್ಷಣದಲ್ಲಿ ಅನ್ನಿಸಿತು? ಆ ಕ್ಷಣದಲ್ಲಿ ತೆರೆಯ ಮೇಲೆ ಏನಿತ್ತು, ಏನು ಕೇಳಿಸುತ್ತಿತ್ತು? ಪಾಠದ ಪ್ರಶ್ನೆ ಇವುಗಳ ನಂತರ.

5. ಭಾವಕ್ಕೆ ಅಂಕ ಕೊಡದಿರುವುದು. ಅತ್ತವರು ಸೂಕ್ಷ್ಮರು, ನಕ್ಕವರು ಒರಟರು ಎಂಬ ತೀರ್ಮಾನ ಬೇಡ. ಮೌಲ್ಯಮಾಪನ ಮಾಡುವುದಾದರೆ, ತನ್ನ ಅನಿಸಿಕೆಗೆ ಚಿತ್ರದೊಳಗಿನ ಆಧಾರವನ್ನು ಮಗು ತೋರಿಸಬಲ್ಲದೇ ಎಂಬುದನ್ನಷ್ಟೇ ನೋಡಬಹುದು.

ಇಷ್ಟಕ್ಕೆ ಸಮಯವೆಲ್ಲಿದೆ ಎಂದು ಸಹಪಾಠಿಗಳು ಕೇಳುತ್ತಾರೆ. ನಲವತ್ತು ನಿಮಿಷದ ಅವಧಿಯಲ್ಲಿ ಇದಕ್ಕೆ ನನಗೆ ಹಿಡಿಯುವುದು ಏಳೆಂಟು ನಿಮಿಷ. ತುಣುಕನ್ನೇ ಚಿಕ್ಕದು ಮಾಡಿದರೆ ಆ ಸಮಯ ಸಿಗುತ್ತದೆ. ಹತ್ತು ನಿಮಿಷ ತೋರಿಸಿ ಮಾತಿಲ್ಲದೆ ಮುಗಿಸುವುದಕ್ಕಿಂತ ನಾಲ್ಕು ನಿಮಿಷ ತೋರಿಸಿ ಮಕ್ಕಳ ಮಾತು ಕೇಳುವುದು ಮೇಲು.

ನಮ್ಮ ಪಾಠಯೋಜನೆಯ ನಮೂನೆಯಲ್ಲಿ ‘ಬೋಧನೋಪಕರಣ’ದ ಪಕ್ಕದಲ್ಲಿ ‘ನಿರೀಕ್ಷಿತ ಭಾವಪ್ರತಿಕ್ರಿಯೆ ಮತ್ತು ಸಿದ್ಧತೆ’ ಎಂಬ ಒಂದು ಚಿಕ್ಕ ಅಂಕಣ ಸೇರಿಸಬಹುದೇ ಎಂದು ನಮ್ಮ ಉಪನ್ಯಾಸಕರಲ್ಲಿ ಕೇಳಿಕೊಳ್ಳುತ್ತೇನೆ. ಅಲ್ಲಿ ಬರೆದದ್ದೆಲ್ಲ ತರಗತಿಯಲ್ಲಿ ನಿಜವಾಗಲಿಕ್ಕಿಲ್ಲ. ಆದರೆ ಆ ಅಂಕಣ ತುಂಬಬೇಕಾದರೆ ನಾವು ತುಣುಕನ್ನು ಮಾತ್ರವಲ್ಲ, ಅದನ್ನು ನೋಡಲಿರುವ ಮಕ್ಕಳನ್ನೂ ಒಮ್ಮೆ ನೆನೆಯಲೇಬೇಕಾಗುತ್ತದೆ.