ಬೇಸಿಗೆಯ ವಿದ್ಯುತ್ ಬಿಲ್ಲು ಮತ್ತು ಗೃಹ ಬಳಕೆದಾರರಿಗೆ ಇರುವ ಆಯ್ಕೆಗಳು

ಫೆಬ್ರವರಿಯಿಂದ ಮೇ ವರೆಗಿನ ತಿಂಗಳುಗಳಲ್ಲಿ ವಿದ್ಯುತ್ ಬಿಲ್ಲಿನ ಮೊತ್ತವು ಹೆಚ್ಚಾಗಿ ಬಂದಿದೆಯೆಂದು ಗೃಹ ಬಳಕೆದಾರರು ಉಪವಿಭಾಗ ಕಚೇರಿಗಳಲ್ಲಿ ವಿಚಾರಿಸುವುದು ಸಾಮಾನ್ಯವಾಗಿದೆ. ಬೇಸಿಗೆಗೆಂದು ಪ್ರತ್ಯೇಕ ಯೂನಿಟ್ ದರ ಇರುವುದಿಲ್ಲ. ಋತುಮಾನಕ್ಕೆ ತಕ್ಕಂತೆ ಬದಲಾಗುವುದು ಬಳಕೆಯ ಪ್ರಮಾಣ, ಇಂಧನ ಹೊಂದಾಣಿಕೆ ಶುಲ್ಕ ಹಾಗೂ ಗೃಹ ಜ್ಯೋತಿ ಯೋಜನೆಯಡಿ ದೊರೆಯುವ ರಿಯಾಯಿತಿ. ಈ ಮೂರನ್ನೂ ತಿಳಿದುಕೊಂಡಲ್ಲಿ ಬಿಲ್ಲಿನ ಮೊತ್ತವನ್ನು ಬಳಕೆದಾರರು ತಾವೇ ಅಂದಾಜು ಮಾಡಿಕೊಳ್ಳಬಹುದಾಗಿದೆ.

1. ದರವನ್ನು ನಿಗದಿಪಡಿಸುವವರು ಯಾರು?

ವಿದ್ಯುಚ್ಛಕ್ತಿ ಕಾಯ್ದೆ, 2003ರ ಅನ್ವಯ ರಾಜ್ಯದಲ್ಲಿ ವಿದ್ಯುತ್ ದರವನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ನಿಗದಿಪಡಿಸುತ್ತದೆ. ಬೆಂಗಳೂರು, ಮಂಗಳೂರು, ಹುಬ್ಬಳ್ಳಿ, ಕಲಬುರಗಿ ಮತ್ತು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ಕಂಪನಿಗಳು ತಮ್ಮ ತಮ್ಮ ವ್ಯಾಪ್ತಿಯಲ್ಲಿ ವಿದ್ಯುತ್ ಪೂರೈಸುತ್ತವೆ. ಗೃಹ ಬಳಕೆದಾರರು ತಮಗೆ ಬೇಕಾದ ಕಂಪನಿಯನ್ನು ಆರಿಸಿಕೊಳ್ಳುವ ವ್ಯವಸ್ಥೆ ಇಲ್ಲ. ಆದರೆ ಮಂಜೂರಾದ ಹೊರೆ, ಗೃಹ ಜ್ಯೋತಿ ನೋಂದಣಿ ಮತ್ತು ಮೇಲ್ಛಾವಣಿ ಸೌರ ಘಟಕ, ಈ ವಿಷಯಗಳಲ್ಲಿ ನಿರ್ಧಾರವು ಬಳಕೆದಾರರದ್ದೇ ಆಗಿರುತ್ತದೆ.

2. ಬಿಲ್ಲಿನ ಅಂಶಗಳು

2023-24ನೇ ಸಾಲಿನಲ್ಲಿ ಮಾಸಿಕ ಬಳಕೆಯು 100 ಯೂನಿಟ್ ಮೀರಿದಲ್ಲಿ ಹೆಚ್ಚಿನ ದರವು ಅನ್ವಯವಾಗುತ್ತಿತ್ತು. 2024ರ ಏಪ್ರಿಲ್ 1ರಿಂದ ಈ ಹಂತಗಳನ್ನು ಕೈಬಿಟ್ಟು ಏಕರೂಪ ದರವನ್ನು ಜಾರಿಗೊಳಿಸಲಾಯಿತು. 2025-26ನೇ ಸಾಲಿಗೆ ನಿಗದಿಯಾದ ದರಗಳು ಹೀಗಿವೆ:

(ಅ) ನಿಗದಿತ ಶುಲ್ಕ: ಮಂಜೂರಾದ ಹೊರೆಯ ಪ್ರತಿ ಕಿಲೋವ್ಯಾಟ್‌ಗೆ ಮಾಸಿಕ ರೂ. 145. ಮನೆಗೆ ಬೀಗ ಹಾಕಿದ್ದರೂ ಇದು ಅನ್ವಯವಾಗುತ್ತದೆ.
(ಆ) ಬಳಕೆ ಶುಲ್ಕ: ಪ್ರತಿ ಯೂನಿಟ್‌ಗೆ ರೂ. 5.80.
(ಇ) ಪಿಂಚಣಿ ಮತ್ತು ಉಪದಾನ ಬಾಬ್ತು ಸರ್‌ಚಾರ್ಜ್: ಪ್ರತಿ ಯೂನಿಟ್‌ಗೆ 36 ಪೈಸೆ.
(ಈ) ಇಂಧನ ಹೊಂದಾಣಿಕೆ ಶುಲ್ಕ ಹಾಗೂ ವಿದ್ಯುತ್ ತೆರಿಗೆ: ಆಯಾ ತಿಂಗಳಿಗೆ ಅನ್ವಯವಾಗುವಂತೆ.

3. ಇಂಧನ ಹೊಂದಾಣಿಕೆ ಶುಲ್ಕವು ಏಕೆ ಬದಲಾಗುತ್ತದೆ?

ಮುಂಗಾರಿನ ತಿಂಗಳುಗಳಲ್ಲಿ ಗಾಳಿ ವಿದ್ಯುತ್ ಉತ್ಪಾದನೆ ಅಧಿಕವಾಗಿರುತ್ತದೆ. ಲಿಂಗನಮಕ್ಕಿ, ಸೂಪಾ ಮುಂತಾದ ಜಲಾಶಯಗಳಿಗೆ ನೀರು ಹರಿದುಬರುತ್ತದೆ. ಬೇಸಿಗೆಯಲ್ಲಿ ಜಲಾಶಯಗಳ ಮಟ್ಟ ಇಳಿಯುತ್ತಿರುವಾಗಲೇ ನೀರಾವರಿ ಪಂಪ್‌ಸೆಟ್‌ಗಳು, ಫ್ಯಾನ್‌ಗಳು ಮತ್ತು ಹವಾನಿಯಂತ್ರಕಗಳ ಬೇಡಿಕೆ ಏರುತ್ತದೆ. ಕೊರತೆಯನ್ನು ತುಂಬಲು ವಿದ್ಯುತ್ ಖರೀದಿಸಲಾಗುತ್ತದೆ. ಇತರ ರಾಜ್ಯಗಳಿಂದ ವಿದ್ಯುತ್ ಪಡೆದು ಮಳೆಗಾಲದಲ್ಲಿ ಹಿಂದಿರುಗಿಸುವ ಕ್ರಮವೂ ಇದೆ.

ಆಯೋಗವು ಅಂದಾಜಿಸಿದ ವೆಚ್ಚಕ್ಕೂ ವಾಸ್ತವ ವೆಚ್ಚಕ್ಕೂ ಇರುವ ವ್ಯತ್ಯಾಸವನ್ನು ಈ ಶುಲ್ಕದ ಮೂಲಕ ಸರಿಹೊಂದಿಸಲಾಗುತ್ತದೆ. ವ್ಯತ್ಯಾಸದ ಲೆಕ್ಕ ಸಿದ್ಧವಾಗಲು ಸಮಯ ಹಿಡಿಯುವುದರಿಂದ, ಬೇಸಿಗೆಯ ಖರೀದಿ ವೆಚ್ಚವು ಕೆಲವು ವಾರಗಳ ನಂತರದ ಬಿಲ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಮಳೆ ಆರಂಭವಾದ ಮೇಲೂ ಈ ಶುಲ್ಕ ಹೆಚ್ಚಾಗಿದ್ದಲ್ಲಿ ಅದಕ್ಕೆ ಇದು ಕಾರಣವಿರಬಹುದು.

4. ಗೃಹ ಜ್ಯೋತಿ ಮತ್ತು ಬೇಸಿಗೆ

2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಈ ಯೋಜನೆಯಡಿ, 2022-23ನೇ ಸಾಲಿನ ಮಾಸಿಕ ಸರಾಸರಿ ಬಳಕೆಗೆ ಶೇ. 10ರಷ್ಟನ್ನು ಸೇರಿಸಿ ಪ್ರತಿ ಮನೆಯ ಅರ್ಹ ಯೂನಿಟ್‌ಗಳನ್ನು ನಿರ್ಧರಿಸಲಾಗಿದೆ. ಸರಾಸರಿ ಬಳಕೆಯು 48 ಯೂನಿಟ್‌ಗಿಂತ ಕಡಿಮೆ ಇರುವವರಿಗೆ ಶೇ. 10ರ ಬದಲು 10 ಯೂನಿಟ್‌ಗಳನ್ನು ನೀಡಲು 2024ರ ಜನವರಿಯಲ್ಲಿ ತೀರ್ಮಾನಿಸಲಾಯಿತು. ಆ ಸಾಲಿನ ಬಳಕೆಯ ದಾಖಲೆ ಇಲ್ಲದ ಹೊಸ ಮನೆಗಳಿಗೆ 58 ಯೂನಿಟ್‌ಗಳ ಮಿತಿ ಅನ್ವಯಿಸುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಅರ್ಹ ಯೂನಿಟ್‌ಗಳು ಇಡೀ ವರ್ಷದ ಸರಾಸರಿಯನ್ನು ಆಧರಿಸಿದ್ದು, ಹನ್ನೆರಡು ತಿಂಗಳಿಗೂ ಒಂದೇ ಆಗಿರುತ್ತವೆ. ಬಳಕೆಯು ಮಾತ್ರ ಹಾಗಿರುವುದಿಲ್ಲ. ಮಳೆಗಾಲದಲ್ಲಿ ಮಿತಿಯೊಳಗೆ ಉಳಿಯುವ ಮನೆಯು ಏಪ್ರಿಲ್‌ನಲ್ಲಿ ಅದನ್ನು ಮೀರುವುದು ಸಹಜ. ಮಳೆಗಾಲದಲ್ಲಿ ಉಳಿದ ಯೂನಿಟ್‌ಗಳನ್ನು ಬೇಸಿಗೆಗೆ ವರ್ಗಾಯಿಸಲು ಅವಕಾಶವಿಲ್ಲ.

ಮೀರುವಿಕೆಯಲ್ಲಿ ಎರಡು ಬಗೆ:
(ಅ) ಅರ್ಹ ಯೂನಿಟ್ ಮೀರಿ, 200 ಯೂನಿಟ್ ಒಳಗಿದ್ದಲ್ಲಿ, ಹೆಚ್ಚುವರಿ ಬಳಕೆಗೆ ಮಾತ್ರ ಪಾವತಿಸಬೇಕು.
(ಆ) 200 ಯೂನಿಟ್ ಮೀರಿದಲ್ಲಿ, ಆ ತಿಂಗಳ ಪೂರ್ಣ ಬಿಲ್ಲನ್ನು ಪಾವತಿಸಬೇಕು.

ಉದಾಹರಣೆ: ಒಂದು ಮನೆಯ ಸರಾಸರಿ ಬಳಕೆ 160 ಯೂನಿಟ್, ಅರ್ಹ ಮಿತಿ 176 ಯೂನಿಟ್, ಮಂಜೂರಾದ ಹೊರೆ 2 ಕಿಲೋವ್ಯಾಟ್ ಎಂದಿಟ್ಟುಕೊಳ್ಳಬಹುದು. 2025-26ರ ದರದಂತೆ, ಏಪ್ರಿಲ್‌ನಲ್ಲಿ 200 ಯೂನಿಟ್ ಬಳಸಿದಲ್ಲಿ ಹೆಚ್ಚುವರಿ 24 ಯೂನಿಟ್‌ಗಳ ಬಳಕೆ ಶುಲ್ಕ ರೂ. 139.20. ಅದೇ 201 ಯೂನಿಟ್ ಬಳಸಿದಲ್ಲಿ ಬಳಕೆ ಶುಲ್ಕ ರೂ. 1,165.80 ಹಾಗೂ ನಿಗದಿತ ಶುಲ್ಕ ರೂ. 290, ಒಟ್ಟು ರೂ. 1,455.80. ಸರ್‌ಚಾರ್ಜ್, ತೆರಿಗೆ ಮತ್ತು ಇಂಧನ ಹೊಂದಾಣಿಕೆ ಶುಲ್ಕ ಇದರಲ್ಲಿ ಸೇರಿಲ್ಲ. ಒಂದು ಯೂನಿಟ್‌ನ ವ್ಯತ್ಯಾಸದಿಂದ ಉಂಟಾಗುವ ಹೊರೆ ಇಷ್ಟಿರುತ್ತದೆ.

5. ಮಿತಿಯೊಳಗೆ ಉಳಿಯಲು ಅನುಸರಿಸಬಹುದಾದ ಕ್ರಮ

ಬಿಲ್ಲು ನೀಡಿದ ದಿನದ ಮಾಪಕದ ಅಂಕಿಯನ್ನು ಬರೆದಿಟ್ಟುಕೊಂಡು, ಹದಿನೈದನೆಯ ದಿನ ಪುನಃ ನೋಡತಕ್ಕದ್ದು. ಆ ವೇಳೆಗೆ 100 ಯೂನಿಟ್ ದಾಟಿದ್ದಲ್ಲಿ ತಿಂಗಳ ಬಳಕೆಯು 200 ಮೀರುವ ಸಂಭವವಿರುತ್ತದೆ.

ಒಂದು ಸಾವಿರ ವ್ಯಾಟ್‌ನ ಉಪಕರಣವು ಒಂದು ಗಂಟೆ ಚಲಿಸಿದರೆ ಒಂದು ಯೂನಿಟ್. ದಿನಕ್ಕೆ 10 ಗಂಟೆ ತಿರುಗುವ 75 ವ್ಯಾಟ್‌ನ ಫ್ಯಾನ್ 30 ದಿನಗಳಲ್ಲಿ 22.5 ಯೂನಿಟ್ ಬಳಸಿದರೆ, 30 ವ್ಯಾಟ್‌ನ ಮಿತವ್ಯಯಿ ಫ್ಯಾನ್ 9 ಯೂನಿಟ್ ಬಳಸುತ್ತದೆ. ಎರಡು ಕಿಲೋವ್ಯಾಟ್‌ನ ಗೀಸರನ್ನು ದಿನಕ್ಕೆ ಅರ್ಧ ಗಂಟೆ ಉರಿಸಿದಲ್ಲಿ ತಿಂಗಳಿಗೆ 30 ಯೂನಿಟ್ ಆಗುತ್ತದೆ. ಸೆಖೆಯ ದಿನಗಳಲ್ಲಿ ಇದನ್ನು ಸುಲಭವಾಗಿ ಉಳಿಸಬಹುದು. ಹವಾನಿಯಂತ್ರಕವನ್ನು 24 ಡಿಗ್ರಿಗಿಂತ ಕೆಳಗೆ ಇಳಿಸದಿರುವುದು ಸೂಕ್ತ.

6. ಮಂಜೂರಾದ ಹೊರೆಯ ಆಯ್ಕೆ

ಹೊಸ ಸಂಪರ್ಕಕ್ಕೆ ಅರ್ಜಿ ಸಲ್ಲಿಸುವಾಗ ಅಗತ್ಯಕ್ಕಿಂತ ಹೆಚ್ಚಿನ ಹೊರೆಯನ್ನು ನಮೂದಿಸಿದಲ್ಲಿ ವರ್ಷಪೂರ್ತಿ ಹೆಚ್ಚಿನ ನಿಗದಿತ ಶುಲ್ಕ ಬರುತ್ತದೆ. 2025-26ರ ದರದಲ್ಲಿ 2 ಮತ್ತು 3 ಕಿಲೋವ್ಯಾಟ್‌ಗಳ ನಡುವಿನ ವ್ಯತ್ಯಾಸವು ವಾರ್ಷಿಕ ರೂ. 1,740. ಹೊರೆಯನ್ನು ಇಳಿಸಲು ಅಥವಾ ಹೆಚ್ಚಿಸಲು ಸಂಬಂಧಿಸಿದ ಉಪವಿಭಾಗ ಕಚೇರಿಗೆ ಅರ್ಜಿ ಸಲ್ಲಿಸಬೇಕು. ಹವಾನಿಯಂತ್ರಕ ಅಳವಡಿಸುವವರು ಮುಂಚಿತವಾಗಿಯೇ ಹೊರೆಯನ್ನು ಹೆಚ್ಚಿಸಿಕೊಳ್ಳುವುದು ಉಚಿತ.

7. ಸೌರ ಘಟಕ

2024ರಲ್ಲಿ ಆರಂಭವಾದ ಪಿ.ಎಂ. ಸೂರ್ಯ ಘರ್ ಯೋಜನೆಯಡಿ ಕೇಂದ್ರದ ಸಹಾಯಧನವು 1 ಕಿಲೋವ್ಯಾಟ್‌ಗೆ ರೂ. 30,000, 2 ಕಿಲೋವ್ಯಾಟ್‌ಗೆ ರೂ. 60,000 ಹಾಗೂ 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟು ರೂ. 78,000. ಬೇಸಿಗೆಯಲ್ಲಿ 200 ಯೂನಿಟ್ ಪದೇ ಪದೇ ಮೀರುವ, ಸ್ವಂತ ಮೇಲ್ಛಾವಣಿ ಇರುವ ಮನೆಗಳಿಗೆ ಇದು ಪರಿಶೀಲನಾರ್ಹ. ವರ್ಷದ ಬಹುಪಾಲು ಶೂನ್ಯ ಬಿಲ್ಲು ಪಡೆಯುವವರಿಗೆ ಇದರಿಂದ ಆಗುವ ಉಳಿತಾಯ ಅಲ್ಪವಾದ್ದರಿಂದ, ಕಳೆದ ಹನ್ನೆರಡು ತಿಂಗಳ ಬಿಲ್ಲುಗಳನ್ನು ನೋಡಿ ನಿರ್ಧರಿಸಬೇಕು.

8. ಬಾಡಿಗೆದಾರರ ಗಮನಕ್ಕೆ

ಗೃಹ ಜ್ಯೋತಿ ಸೌಲಭ್ಯಕ್ಕೆ ಬಾಡಿಗೆದಾರರೂ ಅರ್ಹರು. ಸೇವಾ ಸಿಂಧು ಮೂಲಕ ನೋಂದಾಯಿಸಲು ಆಧಾರ್ ಸಂಖ್ಯೆ ಹಾಗೂ ಬಿಲ್ಲಿನಲ್ಲಿ ಮುದ್ರಿತವಾದ ಖಾತೆ ಸಂಖ್ಯೆ ಅವಶ್ಯಕ. ಮನೆ ಬದಲಿಸುವವರು ಮೊದಲು ಹಳೆಯ ಮನೆಯ ಖಾತೆಯಿಂದ ಆಧಾರ್ ಜೋಡಣೆಯನ್ನು ರದ್ದುಪಡಿಸಿಕೊಳ್ಳಬೇಕು. ಇಲ್ಲವಾದಲ್ಲಿ ಹೊಸ ಮನೆಗೆ ನೋಂದಣಿ ಸಾಧ್ಯವಾಗುವುದಿಲ್ಲ.

9. ದೂರುಗಳಿದ್ದಲ್ಲಿ

ಮಾಪಕದ ಅಂಕಿ ಅಥವಾ ಮೊತ್ತದಲ್ಲಿ ಸಂದೇಹವಿದ್ದಲ್ಲಿ ಉಪವಿಭಾಗ ಕಚೇರಿಗೆ ಲಿಖಿತವಾಗಿ ತಿಳಿಸಬಹುದು ಅಥವಾ 1912 ಸಹಾಯವಾಣಿಗೆ ಕರೆ ಮಾಡಬಹುದು. ಪರಿಹಾರ ದೊರೆಯದಿದ್ದಲ್ಲಿ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ನಂತರ ವಿದ್ಯುಚ್ಛಕ್ತಿ ಓಂಬುಡ್ಸ್‌ಮನ್ ಅವರನ್ನು ಸಂಪರ್ಕಿಸಬಹುದು. ಕಾಯ್ದೆಯ 56ನೇ ಪ್ರಕರಣದಂತೆ, ಬಾಕಿಗಾಗಿ ಸಂಪರ್ಕ ಕಡಿತಗೊಳಿಸುವ ಮುನ್ನ 15 ದಿನಗಳ ಲಿಖಿತ ನೋಟೀಸು ನೀಡತಕ್ಕದ್ದು. ವಿವಾದವಿರುವ ಬಿಲ್ಲಿನ ಮೊತ್ತವನ್ನು ಆಕ್ಷೇಪಣೆಯೊಂದಿಗೆ ಠೇವಣಿ ಇರಿಸಿ ಸಂಪರ್ಕವನ್ನು ಉಳಿಸಿಕೊಳ್ಳಲು ಇದೇ ಪ್ರಕರಣದಲ್ಲಿ ಅವಕಾಶವಿದೆ. ದೂರಿನೊಂದಿಗೆ ಹಿಂದಿನ ಮೂರು ತಿಂಗಳ ಬಿಲ್ಲುಗಳ ಪ್ರತಿಗಳನ್ನು ಲಗತ್ತಿಸಿದಲ್ಲಿ ಪರಿಶೀಲನೆಗೆ ಅನುಕೂಲವಾಗುತ್ತದೆ.